ನಾನು ಎತ್ತಲ್ಪಟ್ಟ ಮಧ್ಯಾಹ್ನ

ಲೋಕದಲ್ಲಿ ಗಂಡನನ್ನು ಬಿಟ್ಟು ಹೋಗುವ ಹೆಂಡತಿಯರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರೆಲ್ಲ ಹೋಗುವುದು ತವರಿಗೆ. ನನ್ನ ಹೆಂಡತಿ ತಯಾರಿ ನಡೆಸಿದ್ದು ನೇರವಾಗಿ ಸ್ವರ್ಗಕ್ಕೆ. ಅದೂ ಸಾಯದೆ! ಜಗಳವಿಲ್ಲ, ಮುನಿಸಿಲ್ಲ. ಬಹಳ ಪ್ರೀತಿಯಿಂದ, ನನಗೆ ಟೀ ಮಾಡುವುದನ್ನು ಹೇಳಿಕೊಡುತ್ತಾ ಹೊರಟಿದ್ದಳು.

ಇದಕ್ಕೆಲ್ಲ ಕಾರಣ ನಮ್ಮ ಚರ್ಚಿನ ಸಭೆಯಲ್ಲಿ, ತಣ್ಣಗಾದ ಭಕ್ತಿಗೆ ಮತ್ತೆ ಜೀವ ತುಂಬಲು ನಡೆಸಿದ ಉಜ್ಜೀವನ ಕೂಟಗಳಿಗೆ ಹೊರಗಿನಿಂದ ಬಂದಿದ್ದ ಬೋಧಕರು. ಅವರ ನಿಜವಾದ ಹೆಸರು ಯಾರಿಗೂ ಬೇಕಾಗಲಿಲ್ಲ. ಮೊದಲ ಸಂಜೆ ಅವರು ಬಾಯಿ ತೆರೆದಾಗ ಕಿಟಕಿಯ ಗಾಜು ಅದುರಿತು, ಅಂದಿನಿಂದ ಅವರು ಗುಡುಗು ಅಯ್ಯನವರು. "ಕಡೇ ದಿನಗಳು ಬಂದಿವೆ! ಕಹಳೆ ಯಾವ ಗಳಿಗೆಯಲ್ಲಾದರೂ ಮೊಳಗಬಹುದು! ಕಣ್ಣು ಮಿಟುಕಿಸುವಷ್ಟರಲ್ಲಿ ಕರ್ತನು ತನ್ನವರನ್ನು ಮೇಘಗಳೊಳಗೆ ಎತ್ತಿಕೊಳ್ಳುತ್ತಾನೆ, ಉಟ್ಟ ಬಟ್ಟೆ ಇಲ್ಲೇ ಬಿದ್ದಿರುತ್ತದೆ! ಒಂದೇ ಮನೆಯ ಇಬ್ಬರಲ್ಲಿ ಒಬ್ಬರು ಹೋಗಬಹುದು, ಒಬ್ಬರು ಉಳಿಯಬಹುದು! ಉಳಿದವರಿಗೆ ಘೋರ ಸಂಕಟದ ದಿನಗಳು!" ಎಂದು ಗುಡುಗಿದರು.

ನನ್ನ ಹೆಂಡತಿ ಮೆಲ್ಲಗೆ ಕತ್ತು ಹೊರಳಿಸಿ, ಯಾರು ಉಳಿಯಬಹುದು ಎಂದು ಪಕ್ಕದಲ್ಲಿ ನೋಡಿದಳು. ನಾನು ನಿದ್ದೆ ಮಾಡುತ್ತಿದ್ದೆ. (ಆ ಗುಡುಗಿನಲ್ಲೂ ಹೇಗೆ ಎಂದು ಕೇಳಬೇಡಿ. ನಾನು ಲಿಫ್ಟ್ ಮೆಕ್ಯಾನಿಕ್. ಮೋಟಾರಿನ ಸದ್ದಿನ ಪಕ್ಕದಲ್ಲಿ ಕೂತು ಕೂತು ನನ್ನ ಎಡಗಿವಿ ಲೋಕದ ವ್ಯವಹಾರದಿಂದ ಅರ್ಧ ನಿವೃತ್ತವಾಗಿದೆ.)

ಮರುದಿನದಿಂದಲೇ ಪಾಠ ಶುರು.

"ರೀ, ಇಲ್ಲಿ ಬನ್ನಿ. ಅಕ್ಕಿ ಎಲ್ಲಿದೆ ಗೊತ್ತಾ?"

"ಅಂಗಡೀಲಿ."

"ತಮಾಷೆ ಬೇಡ. ನಾನು ಹೋದ ಮೇಲೆ ಏನು ತಿಂತೀರ?"

"ನೀನೆಲ್ಲಿಗೆ ಹೋಗ್ತೀಯ?"

ಅವಳು ಕೈಯಲ್ಲಿದ್ದ ಸೌಟನ್ನು ಮೇಲಕ್ಕೆ ತೋರಿಸಿದಳು. ನಾನು ಅಟ್ಟ ಅಂದುಕೊಂಡೆ.

"ಅಟ್ಟ ಹತ್ತಿ ಇಳಿಯೋಕೆ ಎಷ್ಟು ಹೊತ್ತು ಬೇಕು? ಬಂದ ಮೇಲೇ ಮಾಡು."

"ಇಳಿಯೋ ಮಾತೇ ಇಲ್ಲ ರೀ," ಅಂದಳು. ಅವಳ ಕಣ್ಣು ತುಂಬಿತ್ತು. "ಊರಿನವರನ್ನೆಲ್ಲ ಮೇಲೆತ್ತೋ ಕೆಲಸ ನಿಮ್ದು. ನಿಮ್ಮನ್ನ ಎತ್ತೋರು ಯಾರು?"

ಬಾಗಿಲ ಹತ್ತಿರ ಕೂತಿದ್ದ ನಮ್ಮತ್ತೆ (ಮಗಳ ಜೊತೆಗೇ ಹೊರಡುವವರು, ತಾವು ಹೋಗುವ ಬಗ್ಗೆ ಅವರಿಗೆ ಸಂಶಯವೇ ಇಲ್ಲ) ಸಲಹೆ ಕೊಟ್ಟರು: "ಮೊಟ್ಟೆ ಬೇಯಿಸೋದು ಕಲಿಸು, ಸಾಕು. ಲೋಕವೇ ಮುಗಿದ ಮೇಲೆ ಅಳಿಯಂದಿರಿಗೆ ಎಷ್ಟು ಅಡುಗೆ ಬೇಕು?"

ನಾನು ನಕ್ಕೆ. ಆದರೆ ಅರ್ಧಕ್ಕೇ ನಿಲ್ಲಿಸಿದೆ. ಯಾಕೆಂದರೆ ಅವಳು ಹೆದರಿಸುತ್ತಿರಲಿಲ್ಲ. ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡುವುದನ್ನು ಹೇಳಿಕೊಟ್ಟು, ನನ್ನ ಕೈಯಿಂದಲೂ ಮೂರು ಸಲ ಹಿಸುಕಿಸಿದಳು. ನಿಜವಾಗಿಯೂ ಹೊರಟವಳ ಪಾಠ ಅದು.

ಇತ್ತ ಉಜ್ಜೀವನ ಕೂಟದಲ್ಲಿ ಉಜ್ಜೀವನವೊಂದನ್ನು ಬಿಟ್ಟು ಬೇರೆಲ್ಲ ನಡೆಯುತ್ತಿತ್ತು. ಗುಡುಗು ಅಯ್ಯನವರು ಪ್ರತಿ ಸಂಜೆ ಗಂಟಲು ಹರಿಯುವಂತೆ ಕರೆದರು: "ಕರ್ತನು ಬರುವ ಮೊದಲು ತನ್ನ ಸಭೆಗೆ ಹೊಸ ಉಸಿರು ಊದುತ್ತಾನೆ! ಮುಂದೆ ಬನ್ನಿ! ಮನಸ್ಸು ಬಿಚ್ಚಿ!" ಒಬ್ಬರೂ ಕದಲಲಿಲ್ಲ. ನಮ್ಮ ಸಭೆಯವರು ಬಹಳ ಮರ್ಯಾದಸ್ಥರು. ಅಳುವುದಿದ್ದರೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಾರೆ.

ಕೂಟಗಳ ಕಡೆಯ ದಿನ, ಭಾನುವಾರ. ಊಟವಾದ ಮೇಲೆ ಹೆಂಡತಿಯೂ ಅತ್ತೆಯೂ ಸಂಜೆಯ ಕೂಟಕ್ಕೆ ಹೂವು ತರಲು ಹೋದರು. ನಾನು ಪೈಜಾಮ, ಅಂಗಿ, ಕನ್ನಡಕ ಸಮೇತ ಕುರ್ಚಿಯಲ್ಲಿ ವಿರಾಜಮಾನನಾಗಿ, ಸ್ವಹಸ್ತದಿಂದ ತಯಾರಿಸಿದ ಟೀ ಪಕ್ಕದಲ್ಲಿಟ್ಟುಕೊಂಡು ಪೇಪರ್ ಹಿಡಿದಿದ್ದೆ. ಆಗ ಕಟ್ಟಡವೆಲ್ಲ ನಡುಗುವ ಹಾಗೆ ಸದ್ದು ಮೊಳಗಿತು. ನಮ್ಮ ಕಟ್ಟಡದ ಲಿಫ್ಟಿಗೆ ಮೊನ್ನೆಯಷ್ಟೇ ನಾನೇ ಕೂರಿಸಿದ್ದ ಸೈರನ್ ಅದು. ಯಾರೋ ಒಳಗೆ ಸಿಕ್ಕಿಹಾಕಿಕೊಂಡಿದ್ದಾರೆ!

ನಾನು ಅವಸರದಲ್ಲಿ ಬಟ್ಟೆ ಬದಲಿಸುವ ರೀತಿ ಹಾವು ಪೊರೆ ಕಳಚುವ ರೀತಿಯೇ. ಪೈಜಾಮ ನಿಂತಲ್ಲೇ ಜಾರಿ ಚಪ್ಪಲಿಯ ಮೇಲೆ ಕುಸಿಯಿತು. ಅಂಗಿ ಕುರ್ಚಿಯ ಬೆನ್ನಿಗೆ ಒರಗಿತು. ಕನ್ನಡಕ ಪೇಪರ್ ಮೇಲೆ ಕೂತಿತು. ಬಾಗಿಲ ಹಿಂದಿದ್ದ ಕೆಲಸದ ಬಟ್ಟೆಯೊಳಗೆ ತೂರಿಕೊಂಡು, ಬೂಟು ಸಿಕ್ಕಿಸಿಕೊಂಡು ಓಡಿದೆ.

ಲಿಫ್ಟು ಮೇಲಿನ ಎರಡು ಮಹಡಿಗಳ ನಡುವೆ ನಿಂತಿತ್ತು. ಕಟ್ಟಡದ ಸಮಸ್ತ ನಿವಾಸಿಗಳೂ ಮನೆ ಬಾಗಿಲು ಹಾಗೇ ತೆರೆದು ಅಲ್ಲಿಗೆ ಬಂದು ಸಲಹೆ ಕೊಡುತ್ತಿದ್ದರು. ಒಳಗಿನಿಂದ ಗುಡುಗು ಕೇಳಿಸಿತು.

"ಯಾರಾದರೂ ಇದ್ದೀರಾ? ನನ್ನನ್ನ ಮೇಲೆತ್ತಿ!"

ಬೇರೆ ಯಾರು? ಅವರೇ! ಕಡೆಯ ಮಹಡಿಯಲ್ಲಿ ಹಾಸಿಗೆ ಹಿಡಿದಿದ್ದ ಹೆಡ್ ಮಾಸ್ಟರನ್ನು ನೋಡಲು ಬಂದಿದ್ದರಂತೆ.

"ಹೆದರಬೇಡಿ ಅಯ್ಯನವರೇ," ಎಂದು ಕೂಗಿದೆ. "ಮೇಲೆತ್ತೋದು ಕಷ್ಟ. ಕೆಳಗಿಳಿಸ್ತೀನಿ."

"ಎಲ್ಲಿಗಾದರೂ ಸರಿ ತಮ್ಮಾ!"

ತಾರಸಿಯ ಮೇಲಿನ ಮೋಟಾರ್ ಕೋಣೆಗೆ ಹೋಗಿ, ಕರೆಂಟ್ ತೆಗೆದು, ಸೈರನ್ ನಿಲ್ಲಿಸಿ, ಬ್ರೇಕ್ ಸಡಿಲಿಸಿ, ಚಕ್ರವನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪ ತಿರುಗಿಸಿದೆ. ಬಾಗಿಲು ತೆರೆದಾಗ ಹೊರಬಂದ ಅಯ್ಯನವರು ಪೂರಾ ಬೆವರಾಗಿದ್ದರು. ಗುಡುಗು ಹೋಗಿ ಬರೀ ಮಳೆ ಉಳಿದಿತ್ತು. "ಮೊದಲನೇ ಮಹಡೀಲೇ ನಮ್ಮ ಮನೆ. ಒಂದು ಲೋಟ ನೀರು ಕುಡಿದು ಹೋಗಿ," ಎಂದು ಕರೆದುಕೊಂಡು ಇಳಿದೆ.

ಅಷ್ಟರಲ್ಲಿ ಮನೆಯಲ್ಲಿ ನಡೆದದ್ದನ್ನು ಅತ್ತೆಯವರು ಆಮೇಲೆ ನೂರಾರು ಸಲ ಹೇಳಿದ್ದಾರೆ, ಪ್ರತಿ ಸಲವೂ ಸ್ವಲ್ಪ ಉದ್ದವಾಗಿ. ಅವರಿಬ್ಬರೂ ಹೂವು ಹಿಡಿದು ಬೀದಿಯ ತಿರುವಿನಲ್ಲಿದ್ದಾಗ ಆಕಾಶದಿಂದಲೋ ಎಂಬಂತೆ, ಹಿಂದೆಂದೂ ಕೇಳಿರದ ಒಂದು ನಾದ ಮೊಳಗಿ ಥಟ್ಟನೆ ನಿಂತುಬಿಟ್ಟಿತು. ಮೆಟ್ಟಿಲು ಹತ್ತಿದರೆ (ಅಳಿಯ ರಿಪೇರಿ ಮಾಡಿದ ಲಿಫ್ಟನ್ನು ಅತ್ತೆ ಹತ್ತುವುದಿಲ್ಲ) ಅಕ್ಕಪಕ್ಕದ ಮನೆಗಳ ಬಾಗಿಲೆಲ್ಲ ಹಾರು ಹೊಡೆದಿವೆ, ಒಳಗೆ ನರಪಿಳ್ಳೆಯಿಲ್ಲ. ನಮ್ಮ ಮನೆಯೊಳಗೆ ಟೀ ಇನ್ನೂ ಬಿಸಿಯಾಗಿದೆ. ಕುರ್ಚಿಯಲ್ಲಿ ನನ್ನ ಅಂಗಿ ಇದೆ, ಅದರ ಕೆಳಗೆ ಪೈಜಾಮ ಇದೆ, ಕನ್ನಡಕ ಇದೆ, ಚಪ್ಪಲಿ ಇದೆ. ನಾನೊಬ್ಬನೇ ಇಲ್ಲ.

ನಾನೂ ಅಯ್ಯನವರೂ ಬಾಗಿಲಿಗೆ ಬಂದಾಗ ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು. ಅವಳು ಕುರ್ಚಿಯ ಮುಂದೆ ಮಂಡಿಯೂರಿ, ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವಳ ಬೆನ್ನು ನಮ್ಮ ಕಡೆಗಿತ್ತು.

"ಕರ್ತನೇ, ನಿನ್ನ ಕೆಲಸದಲ್ಲಿ ತಪ್ಪು ಹುಡುಕ್ತಿಲ್ಲ. ಆದರೆ ಇವರನ್ನಾ? ಬೋಧನೆ ಶುರುವಾದ ಕೂಡಲೇ ಗೊರಕೆ ಹೊಡೆಯೋರು. ಆಮೆನ್ ಅಂದಾಗ ಎದ್ದು ಊಟಕ್ಕೇನು ಅಂತ ಕೇಳೋರು. ಇನ್ನೊಂದು ಸಲ ನೋಡ್ಕೋ ಸ್ವಾಮೀ. ಕಡೇ ಮಹಡಿ ಹೆಡ್ ಮಾಸ್ಟರನ್ನ ಎತ್ತೋಕೆ ಹೋಗಿ ಮೊದಲನೇ ಮಹಡೀಲಿ ಕೈ ಹಾಕಿಬಿಟ್ಟೆಯೇನೋ."

ಅಯ್ಯನವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ನಾನು ಯಾಕೆ ಉಳಿದೆ ಅಂತ ಯಾರೂ ಕೇಳ್ತಿಲ್ಲವಲ್ಲ!" ಎಂದು ಮೂಲೆಯಿಂದ ಅತ್ತೆಯ ಆಕ್ರಂದನ.

ಇನ್ನೇನು ಕೆಮ್ಮಿ ಒಳಗೆ ಕಾಲಿಡಬೇಕು, ಅವಳು ಮತ್ತೆ ಮಾತಾಡಿದಳು. ಈ ಸಲ ದನಿ ಬೇರೆಯಾಗಿತ್ತು. ಎದುರಿಗೇ ನಿಂತವರ ಹತ್ತಿರ ಮಾತಾಡುವಷ್ಟು ಸಣ್ಣಗಿತ್ತು.

"ಇಲ್ಲ, ಇಲ್ಲ. ನಾನು ಹೇಳಿದ್ದು ಬಿಟ್ಟುಬಿಡು. ಕರ್ಕೊಂಡಿದ್ದೀಯಲ್ಲ, ವಾಪಸ್ ಕಳಿಸ್ಬೇಡ. ನಾನು ದಿನಾ ಕೇಳ್ತಿದ್ದದ್ದೇ ಅದನ್ನ. ಇಬ್ಬರಲ್ಲಿ ಒಬ್ಬರೇ ಅಂತಾದ್ರೆ ಅವರನ್ನೇ ಕರ್ಕೋ ಅಂತ. ಅವರಿಗೆ ಒಬ್ಬರೇ ಇರೋಕೆ ಬರಲ್ಲ. ನನಗೆ ಬರತ್ತೆ. ಮುಂದೆ ಎಂಥಾ ದಿನಗಳು ಬರತ್ತೆ ಅಂತ ಅಯ್ಯನವರು ಹೇಳಿದ್ದಾರೆ. ಬರಲಿ, ನಾನು ಇರ್ತೀನಿ. ಒಂದೇ ಒಂದು ಮಾತು. ಅವರ ಎಡಗಿವಿ ಮಂದ, ಬಲಗಡೆ ನಿಂತು ಮಾತಾಡು. ಕನ್ನಡಕ ಇಲ್ಲೇ ಬಿಟ್ಟು ಹೋಗಿದ್ದಾರೆ. ನಿನ್ನ ಮುಖ ಅವರಿಗೆ ಸರಿಯಾಗಿ ಕಾಣಿಸಲಿ."

ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಹಗ್ಗ ಕಡಿದ ಲಿಫ್ಟಿನಲ್ಲಿ ನಿಂತವನ ಹಾಗೆ ಕಾಲ ಕೆಳಗಿನ ನೆಲ ಇಲ್ಲವಾಗಿತ್ತು. ಲೋಕದ ಅಂತ್ಯಕ್ಕೆ ಹೆದರಿ ಹೆದರಿ ಸಾಯುತ್ತಿದ್ದವಳು, ಆ ಅಂತ್ಯ ಬಂದೇಬಿಟ್ಟಿದೆ ಎಂದು ನಂಬಿ, ತಾನೇ ಉಳಿದುಹೋದೆ ಎಂದು ನಂಬಿ, ಕೇಳುತ್ತಿದ್ದದ್ದು ನನ್ನ ಕಿವಿಯ ವಿಷಯ. ನನ್ನ ಜೊತೆ ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದ ಈ ಹೆಂಗಸು ಯಾರು? ಆ ಪುಟ್ಟ ಕೋಣೆಯಲ್ಲಿ ನನ್ನ ಖಾಲಿ ಅಂಗಿಯ ಸುತ್ತ ಬೇರೇನೋ ತುಂಬಿತ್ತು. ಕಾಲಿಡಲು ಧೈರ್ಯವಾಗಲಿಲ್ಲ. ಪಕ್ಕದಲ್ಲಿ ಅಯ್ಯನವರು ಸದ್ದಾಗದಂತೆ ಬಗ್ಗಿ ತಮ್ಮ ಬೂಟು ಕಳಚುತ್ತಿದ್ದರು.

ಅವರ ಬೂಟು ಕೈಜಾರಿ ಬಿತ್ತು. ಅವಳು ತಿರುಗಿದಳು. ಗ್ರೀಸ್ ಮೆತ್ತಿದ ಮುಖದ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಸಂತೋಷದಿಂದ ಓಡಿಬಂದು ಅಪ್ಪಿಕೊಳ್ಳುತ್ತಾಳೆ ಎಂದು ನಾನು ತೋಳು ಚಾಚಿದೆ.

"ಅಯ್ಯೋ! ವಾಪಸ್ ಕಳಿಸಿಬಿಟ್ಟನಾ!" ಎಂದು ಕಿರುಚಿದಳು.

"ಮುಖ ನೋಡೇ, ಎಷ್ಟು ಮಸಿಯಾಗಿದೆ," ಎಂದರು ಅತ್ತೆ. "ಬಾಗಿಲಲ್ಲೇ ತಡೆದು ಕೆಳಗಡೆಗೆ ಕಳಿಸಿದಾರೆ. ಅವರೂ ಇಟ್ಟುಕೊಳ್ಳದೆ ಇಲ್ಲಿಗೆ ದಬ್ಬಿದಾರೆ."

ಲಿಫ್ಟು, ಸೈರನ್ನು, ಚಕ್ರ, ಎಲ್ಲವನ್ನೂ ವಿವರಿಸಿದೆ. ಅಯ್ಯನವರು ಸಾಕ್ಷಿ ಹೇಳಿದರು. ಹೆಂಡತಿ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಪೈಜಾಮವನ್ನು ನೆಲದ ಮೇಲೆ ಬಿಟ್ಟದ್ದಕ್ಕೆ ನನಗೆ ಬೈದಳು. ಅಯ್ಯನವರು ನೀರು ಕುಡಿದರು. ಕಡೆಗೆ, "ತಾಯೀ, ಸಂಜೆ ನಾನು ಬೋಧನೆ ಮಾಡಲ್ಲ. ನೀವು ಮಾತಾಡಿ," ಎಂದರು.

ಸಂಜೆ ಅವಳು ಸಭೆಯ ಮುಂದೆ ನಿಂತು ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಗೊರಕೆಯನ್ನೂ ಬಿಡಲಿಲ್ಲ, ಪೈಜಾಮವನ್ನೂ ಬಿಡಲಿಲ್ಲ. ಸಭೆ ಬೆಂಚಿನಿಂದ ಬೀಳುವ ಹಾಗೆ ನಕ್ಕಿತು. ಎಲ್ಲರೂ ತಿರುಗಿ ತಿರುಗಿ ನನ್ನನ್ನು ನೋಡಿದರು. ನನಗೆ ಆಗಲೇ ಭೂಮಿ ಬಿರಿಯಬಾರದೇ ಎನಿಸಿತು. ಆಮೇಲೆ ಅವಳು ತನ್ನ ಪ್ರಾರ್ಥನೆಯ ಕಡೆಯ ಭಾಗಕ್ಕೆ ಬಂದಳು. ನಗು ನಿಂತಿತು.

ಯಾರೂ ಕರೆಯಲಿಲ್ಲ. ಯಾರೂ ಗುಡುಗಲಿಲ್ಲ. ಮೂರನೇ ಸಾಲಿನಿಂದ ಬೇಕರಿಯವನು ಎದ್ದ. ಒಡಹುಟ್ಟಿದ ತಮ್ಮನ ಜೊತೆ ಮಾತು ಬಿಟ್ಟು, ಅವನು ಬಲಗಡೆ ಕೂತರೆ ತಾನು ಎಡಗಡೆ ಕೂರುತ್ತಿದ್ದ ಮನುಷ್ಯ. ಸೀದಾ ನಡುವಿನ ದಾರಿ ದಾಟಿ ತಮ್ಮನ ಮುಂದೆ ಹೋಗಿ ನಿಂತ. "ನಿನ್ನನ್ನ ಬಿಟ್ಟು ನಾನೊಬ್ಬನೇ ಹೋಗಿ ಅಲ್ಲೇನು ಮಾಡ್ಲೋ," ಅಂದ. ತಮ್ಮ ಅಣ್ಣನ ಹೆಗಲಿಗೆ ಮುಖ ಒತ್ತಿದ. ಅಷ್ಟೇ. ಕಟ್ಟೆ ಒಡೆಯಿತು. ಒಬ್ಬರ ಹಿಂದೆ ಒಬ್ಬರು ಎದ್ದರು. ಅತ್ತೆ ಸೊಸೆಯರು, ಜಗಳಾಡಿದ ನೆರೆಯವರು, ಯಾವತ್ತೂ ಅಳದ ಮರ್ಯಾದಸ್ಥರು, ಯಾರು ಯಾರನ್ನು ಹಿಡಿದು ಅಳುತ್ತಿದ್ದಾರೆ ಎಂಬುದೇ ತಿಳಿಯಲಿಲ್ಲ. ಯಾರೋ ಹಾಡು ಎತ್ತಿದರು. ನನ್ನ ಮಂದವಾದ ಎಡಗಿವಿಗೂ ಅದು ಪೂರ್ತಿ ಕೇಳಿಸಿತು. ಉಸಿರು ಊದುತ್ತಾನೆ ಎಂದಿದ್ದರಲ್ಲ, ಆ ಉಸಿರು ನಮ್ಮ ತಲೆಗಳ ಮೇಲೆ ಹಾದುಹೋದದ್ದು ನನ್ನ ಕುತ್ತಿಗೆಯ ಹಿಂಭಾಗಕ್ಕೆ ಗೊತ್ತಾಯಿತು. ಗುಡುಗು ಅಯ್ಯನವರು ಮೂಲೆಯಲ್ಲಿ ಮಗುವಿನಂತೆ ಬಾಯಿ ತೆರೆದು ನೋಡುತ್ತಾ ನಿಂತಿದ್ದರು.

ನಾನೂ ಎದ್ದು ಹೋದೆ. ಮಂಡಿಯೂರಿದೆ. ಏನು ಹೇಳಿದೆನೋ ನೆನಪಿಲ್ಲ. ಹೆಂಡತಿ ಬಂದು, "ಸಾಕು ಏಳಿ, ಮೂಗು ಒರೆಸ್ಕೊಳ್ಳಿ," ಎಂದು ಸೆರಗು ಕೊಟ್ಟದ್ದು ಮಾತ್ರ ನೆನಪಿದೆ.

ಇಷ್ಟಾದ ಮೇಲೆ ಸುಖವಾಗಿರಬಹುದಿತ್ತು. ಆದರೆ ಆ ಆವೇಶದಲ್ಲಿ ನಾನು ಮುಂಜಾನೆಯ ಪ್ರಾರ್ಥನಾ ಗುಂಪಿಗೆ ಸೇರುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೆನಂತೆ. ಮರುದಿನ ಇನ್ನೂ ಬೆಳಕು ಹರಿಯುವ ಮೊದಲೇ ಹೆಂಡತಿ ನನ್ನನ್ನು ತಟ್ಟಿ ಎಬ್ಬಿಸಿದಳು.

"ನೀನೂ ಬರ್ತೀಯಲ್ಲ?" ಎಂದೆ, ಹೊದಿಕೆಯೊಳಗಿಂದ.

"ನಾನ್ಯಾಕೆ? ಇಷ್ಟು ದಿನ ನಿಮ್ಮ ಚಿಂತೇಲಿ ನಿದ್ದೆಯಿರಲಿಲ್ಲ. ಈಗ ಚಿಂತೆ ತೀರಿತು. ನೀವು ಹೋಗಿ ಬನ್ನಿ," ಎಂದವಳೇ ನನ್ನ ಹೊದಿಕೆಯನ್ನೂ ಎಳೆದುಕೊಂಡು ಮಗ್ಗುಲಾದಳು. ನಾನು ಮುಖ ತೊಳೆದು ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು. ನನ್ನ ಗೊರಕೆ ಅದರ ಮುಂದೆ ಏನೂ ಅಲ್ಲ.

ಬೀದಿಯಲ್ಲಿ ನಾನೊಬ್ಬನೇ. ಅಂಗಡಿಗಳ ಬಾಗಿಲು ಮುಚ್ಚಿತ್ತು. ತಲೆಯೆತ್ತಿದರೆ ಕಟ್ಟಡಗಳ ಸಂದಿಯಲ್ಲಿ ಪೂರ್ವದ ಮೋಡಗಳ ಅಂಚು ಕೆಂಪಾಗುತ್ತಿತ್ತು. ಒಂದೊಂದಾಗಿ ಹೊತ್ತಿಕೊಳ್ಳುತ್ತಾ, ಯಾರಿಗೋ ದಾರಿ ಬಿಡುವ ಹಾಗೆ ಮೋಡಗಳು ಎರಡೂ ಕಡೆ ಸರಿದವು. ಎಷ್ಟು ವರ್ಷದಿಂದ ಈ ಆಕಾಶ ಹೀಗೆ ತೆರೆಯುತ್ತಿತ್ತೋ, ನಾನು ಮಲಗಿಯೇ ಇದ್ದೆ. ಬರುತ್ತಾನೆ ಎಂದು ಮೊದಲ ಸಲ ಪೂರ್ತಿ ನಂಬಿದೆ, ನಿಂತ ಕಾಲಲ್ಲಿ ನಂಬಿದೆ. ಚಳಿಗೆಂದು ಹಾಕಿದ್ದ ಟೋಪಿ ತೆಗೆದು ನಡುಬೀದಿಯಲ್ಲಿ ಕೈಮುಗಿದೆ.

"ಕರ್ತನೇ," ಎಂದೆ, "ಬರೋದಾದ್ರೆ ಸ್ವಲ್ಪ ತಡೆದು ಬಾ ಸ್ವಾಮೀ. ಅವಳಿನ್ನೂ ಮಲಗಿದ್ದಾಳೆ."