ನೆಪೋಲಿಯನ್ ರೋಡಿನಲ್ಲಿ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಒಂದು ಕರವಸ್ತ್ರವನ್ನೂ ಕೊಳ್ಳದೆ ಇಡೀ ದೋಹಾವನ್ನು ಸುಸ್ತು ಮಾಡಬಲ್ಲರು! ನಂಬಿಕೆಯಿಲ್ಲವೇ? ಅಲ್ಲಿನ ಅಲ್ ಮನ್ಸೂರಾ ಪೇಟೆಯ ಬಟ್ಟೆ ಅಂಗಡಿಗಳಲ್ಲಿ ಕೇಳಿ ನೋಡಿ. ಇವರು ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಸೇಲ್ಸ್‌ಮನ್‌ಗೆ ತಟ್ಟನೆ ಚಹಾದ ನೆನಪಾಗುತ್ತದೆ.

ಇಂಥವರು ಕಳೆದ ಚಳಿಗಾಲದಲ್ಲಿ, "ನಂಗೆ ಮಿಲಾನಿಗೆ ಹೋಗ್ಬೇಕು, ಶಾಪಿಂಗಿಗೆ" ಎಂದಾಗ ಚಿಕ್ಕಪ್ಪ ಟಿವಿಯ ಸದ್ದು ಕಡಿಮೆ ಮಾಡಿದರು. ಶಾಪಿಂಗಂತೆ! ಯಾರ ಕಿವಿಗೆ ಹೂವು? ಅವರ ಒಬ್ಬಳೇ ಮಗಳು ಫ್ಯಾಷನ್ ಓದಿ ಅಲ್ಲಿನ ಹೆಸರಾಂತ ಬೀದಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಅವಳು ಹೊರಟ ದಿನ ಇವರು, "ಬಟ್ಟೆ ಮಾರ್ಲಿಕ್ಕೆ ಅಷ್ಟು ದೂರ ಯಾಕೆ? ಮನ್ಸೂರಾದಲ್ಲಿ ಅಂಗಡಿ ಇಲ್ವಾ?" ಎಂದುಬಿಟ್ಟಿದ್ದರು. ಅಂದಿನಿಂದ ಅವಳ ಫೋನು ಅಪ್ಪನಿಗೆ ಮಾತ್ರ. ಫೋನು ಬಂದ ಕೂಡಲೇ ಚಿಕ್ಕಮ್ಮ ಪಕ್ಕದ ಸೋಫಾಕ್ಕೆ ಬಂದು ಬಟಾಣಿ ಸುಲಿಯುತ್ತಾರೆ. ಬಟಾಣಿ ಮುಗಿದರೆ ಸಿಪ್ಪೆಯಲ್ಲೇ ಮತ್ತೆ ಕಾಳು ಹುಡುಕುತ್ತಾರೆ!

ಚಿಕ್ಕಪ್ಪನಿಗೆ ರಜೆ ಸಿಗದೆ ಜೊತೆಗೆ ನಾನು ಹೊರಟೆ. ಮಾಂಟೆ ನೆಪೋಲಿಯೊನೆ ಎಂಬ ಆ ಬೀದಿ ಚಿಕ್ಕಮ್ಮನ ಬಾಯಲ್ಲಿ ನೆಪೋಲಿಯನ್ ರೋಡ್ ಆಯಿತು.

"ಇದೆಂಥದ್ದು ಮಾರಾಯ್ತಿ? ಮೇಲೆ ಮಾಡು ಇಲ್ಲ, ಎಸಿ ಇಲ್ಲ! ನಮ್ಮ ದೋಹಾದ ಮಾಲಿನಲ್ಲಿ ಇದೇ ಯುರೋಪ್ ಉಂಟು. ಮಾಡಿಗೆ ಆಕಾಶದ ಪೇಂಟ್ ಸಹ ಹೊಡ್ದಿದ್ದಾರೆ."

ಗಾಜಿನ ಹಿಂದೆ ನಿಂತ ಬೊಂಬೆಗಳನ್ನು ಕಂಡು, "ಪಾಪ, ಇವಕ್ಕೆ ಊಟ ಹಾಕುದಿಲ್ವಾ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. "ಅವಳೂ ಹೀಗೇ ಸಪೂರ ಆಗಿರ್ಬಹುದಾ?"

ಮಗಳ ಅಂಗಡಿಯ ಮುಂದೆ ಹೋದೆವು, ದಾಟಿದೆವು, ಮತ್ತೆ ಬಂದೆವು. ಪ್ರತಿ ಸಲವೂ "ಮೊದಲು ಆಚೆಯದ್ದು ನೋಡುವ" ಎನ್ನುತ್ತಿದ್ದರು. ಕೊನೆಗೆ ನಾನೇ ಕೈ ಹಿಡಿದು ಒಳಗೆ ಎಳೆದೆ.

ಕಪ್ಪು ಕೋಟು ತೊಟ್ಟ ಅವಳು ನಮ್ಮನ್ನು ಕಂಡು ಬಿಳಿಚಿಕೊಂಡಳು. ಪಕ್ಕದಲ್ಲೇ ಮ್ಯಾನೇಜರ್. "ಗುಡ್ ಆಫ್ಟರ್‌ನೂನ್, ಮೇಡಂ" ಎಂದಳು ಅಮ್ಮನಿಗೇ.

ವಿಮಾನದಲ್ಲಿ ಚಿಕ್ಕಮ್ಮ ಏನೇನೋ ಮಾತು ಕಟ್ಟಿಕೊಂಡಿದ್ದರು. ಈಗ ಕೈಗೆ ಸಿಕ್ಕ ಶಾಲೊಂದನ್ನು ಎತ್ತಿ, "ಲಾಸ್ಟ್ ಪ್ರೈಸ್?" ಎಂದರು.

"ಫಿಕ್ಸೆಡ್, ಮೇಡಂ."

"ಹಾಗಾದ್ರೆ ಖಲಾಸ್. ಬೇಡ."

ಬಾಗಿಲ ಕಡೆ ತಿರುಗಿದರು, ಬಹಳ ನಿಧಾನವಾಗಿ. ಮನ್ಸೂರಾದಲ್ಲಾದರೆ ಗಿರಾಕಿ ಹೀಗೆ ತಿರುಗಿದ ಕೂಡಲೇ ಅಂಗಡಿಯವನು "ಯಲ್ಲಾ, ಬನ್ನಿ ಬನ್ನಿ" ಎಂದು ಕರೆಯಲೇಬೇಕು. ಅದು ಶಾಸ್ತ್ರ! ಇಲ್ಲಿ ಕಾವಲಿನವನು ಬಹಳ ವಿನಯದಿಂದ ಬಾಗಿಲು ತೆರೆದುಬಿಟ್ಟ.

ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು.

"ಕರೀಲಿಲ್ಲ ನೋಡು" ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಅವಳು ಓಡಿ ಬಂದಳು. "ಅಮ್ಮ, ಮ್ಯಾನೇಜರ್ ಇದ್ದ, ಮಾತಾಡ್ಲಿಕ್ಕೆ ಆಗ್ಲಿಲ್ಲ. ನಂಗೆ ಸಂಜೆಗೇ ಬಿಡುದು. ಎಲ್ಲಿಗೂ ಹೋಗ್ಬೇಡ, ಆಯ್ತಾ? ಇಲ್ಲೇ ಇರು!" ಅಷ್ಟು ಹೇಳಿ, ಅಮ್ಮನ ಕೈಯನ್ನೊಮ್ಮೆ ಗಟ್ಟಿಯಾಗಿ ಹಿಡಿದು ಒಳಗೆ ಓಡಿದಳು.

"ಸಂಜೆಗೆ ಇನ್ನೂ ತುಂಬ ಹೊತ್ತುಂಟು ಚಿಕ್ಕಮ್ಮ, ಒದ್ದೆಯಾಗ್ತೀರಿ. ಎಲ್ಲಾದ್ರೂ ಕೂತು ಕಾಫಿ ಕುಡಿದು ಬರುವ" ಎಂದೆ.

ಚಿಕ್ಕಮ್ಮ ಸೆರಗನ್ನು ತಲೆಗೆ ಹೊದ್ದು, ಫುಟ್‌ಪಾತಿನ ಮೇಲೆ ಅಲ್ಲಾಡದೆ ನಿಂತರು.

"ನೀನು ಹೋಗು. ಅವಳು ಇಲ್ಲೇ ಇರು ಅಂದಿದ್ದಾಳೆ."