ಬಾಣಂತನಕ್ಕೆ ಕೂತ ಅಳಿಯ

ನನ್ನ ಅಳಿಯನಿಗೆ ತಲೆ ಸರಿಯಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ನೀವು ಅವನನ್ನು ಎಲ್ಲಾದರೂ ನೋಡಿ ಗಾಬರಿಯಾಗುವುದು ಬೇಡ. ಎದುರಿಗೆ, ಅತ್ತೆಯಾದ ನಾನು ಅವನ ಹೆಸರು ಹಿಡಿಯುವಂತಿಲ್ಲ, ‘ನೀವು’ ಬಿಟ್ಟು ‘ನೀನು’ ಅನ್ನುವಂತಿಲ್ಲ. ಅಳಿಯ ಅಂದಮೇಲೆ ಅಷ್ಟು ಮರ್ಯಾದೆ ಕೊಡಲೇಬೇಕಲ್ಲ! ಇಲ್ಲಿ ಅವನಿಲ್ಲ. ‘ಅವನು’ ಅನ್ನುತ್ತೇನೆ, ನೀವು ಹೋಗಿ ಹೇಳಬೇಡಿ.

ಹೈದರಾಬಾದಿನ ನಡುಬೇಸಿಗೆಯಲ್ಲಿ ಎಸಿ ಮೆಕ್ಯಾನಿಕ್ ಒಬ್ಬ ರಜೆ ಹಾಕಿ ಮನೆಯಲ್ಲಿ ಕೂತಿದ್ದನ್ನು ಯಾರಾದರೂ ಕೇಳಿದ್ದೀರಾ? ವರ್ಷದ ಉಳಿದ ದಿನ ಆ ಜನ ಅಂಗಡಿಯ ಮುಂದೆ ಚಹಾ ಕುಡಿಯುತ್ತ ಕೂತಿರುತ್ತಾರೆ. ಬಿಸಿಲು ಏರಿತೆಂದರೆ ಮಾದಾಪುರದ ಆಫೀಸಿನವರು, ಮಿಯಾಪುರದ ಅಪಾರ್ಟ್‌ಮೆಂಟಿನವರು, ಎಲ್ಲ ಅವರ ಕಾಲು ಹಿಡಿಯುತ್ತಾರೆ. ಆಗ ದುಡಿದದ್ದೇ ವರ್ಷದ ದುಡಿಮೆ. ನನ್ನ ಅಳಿಯನಂತೂ ಅಂಗಡಿಯ ಹಿರಿಯ ಮೆಕ್ಯಾನಿಕ್, ಮಾಲೀಕ ಸೇಠನ ಬಲಗೈ. ಬೈಕು ಕೂಡ ಅಂಗಡಿಯದೇ ಕೊಟ್ಟಿದ್ದರು. ಸರಿಯಾಗಿ ಆ ಹೊತ್ತಿಗೇ ಈ ಮಹಾರಾಯ ಹೆಣ್ಣುಕೂಸಿನ ತಂದೆಯಾದ. ಆಗಿ, ದವಾಖಾನೆಯ ಬಾಗಿಲಲ್ಲೇ ನಿಂತು ಹೇಳಿದ:

“ನಾನೂ ಬಾಣಂತನಕ್ಕ ಬರ್ತೀನಿ.”

ಚೊಚ್ಚಲ ಬಾಣಂತನ ತವರಿನಲ್ಲಿ. ಗಂಡನಾದವನು ಬರುತ್ತಾನೆ, ಕೂಸಿನ ಮುಖ ನೋಡುತ್ತಾನೆ, ಮೂಗು ತನ್ನದೇ ಎಂದು ಖಾತ್ರಿ ಮಾಡಿಕೊಳ್ಳುತ್ತಾನೆ, ಚಹಾ ಕುಡಿದು ಹೋಗುತ್ತಾನೆ. ಇವನು ಹಾಸಿಗೆ ಸುತ್ತಿಕೊಂಡು ಬಂದ! ಆಟೋದಿಂದ ಮೊದಲು ಇವನ ಹಾಸಿಗೆ ಇಳಿಯಿತು, ಆಮೇಲೆ ಇವನ ರಿಪೇರಿ ಹತ್ಯಾರಿನ ಚೀಲ, ಕೊನೆಗೆ ಬಾಣಂತಿ. ಪಕ್ಕದ ಮನೆಯ ನಾಗಮ್ಮ ಬಾಗಿಲಲ್ಲಿ ನಿಂತು ನೋಡಿದಳು.

“ಯಕ್ಕಾ, ಹಡದಾಕಿ ಯಾರು? ಆಕಿನೋ, ಇವ್ರೋ?”

“ಇಬ್ರೂ ಅಂತ ತಿಳ್ಕೋ,” ಎಂದೆ.

ನಾನೂ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುವ ಕೆಲಸ ಬಿಟ್ಟೇ ಮನೆಯಲ್ಲಿ ನಿಂತಿದ್ದೆ. ನನ್ನನ್ನು ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಇವನು ನಿಂತದ್ದಕ್ಕೆ ಓಣಿಯ ಇಸ್ತ್ರಿಯವನೂ ಕೇಳಿದ.

ನಮ್ಮ ಯಾದಗಿರಿ ಕಡೆ ಅತ್ತೆಯಾದವಳು ಅಳಿಯನ ಎದುರು ತಲೆ ತುಂಬ ಸೆರಗು ಹೊದ್ದಿರಬೇಕು, ಮುಖಕ್ಕೆ ಮುಖ ಕೊಟ್ಟು ಮಾತಾಡಬಾರದು. ಪಡಸಾಲೆ, ಹಿತ್ತಲು ಇರುವ ಮನೆಯಲ್ಲಿ ಇದು ಸುಲಭ. ಮಿಯಾಪುರದ ನಮ್ಮ ಒಂದು ಕೋಣೆಯ ಮನೆಯಲ್ಲಿ ನಾನು ಎತ್ತ ತಿರುಗಿದರೂ ಅಳಿಯನ ಮುಖವೇ! ಏನು ಮಾಡುವುದು? ಕೂಸನ್ನು ನಡುವೆ ಇಟ್ಟುಕೊಂಡು ಮಾತಾಡತೊಡಗಿದೆವು.

“ಕೂಸ, ನಿಮ್ಮಪ್ಪಗ ಹೇಳವ್ವ, ಗಂಡಸು ಹಗಲೊತ್ತು ಮನಿಯಾಗ ಕುಂತ್ರ ಮಂದಿ ನಗ್ತಾರ.”

“ಕೂಸ, ಆಯಿಗೆ ಹೇಳು, ನಗೋರು ನಗ್ಲಿ. ಚಾ ಇಟ್ಟಾರೇನು ಕೇಳು.”

ಪಾಪ, ಕಣ್ಣು ಬಿಡಲೂ ಬಾರದ ಕೂಸು. ಹುಟ್ಟಿದ ಕೂಡಲೇ ಅದಕ್ಕೆ ಅಪ್ಪ-ಅಜ್ಜಿಯ ನಡುವೆ ಟಪಾಲಿನವನ ಕೆಲಸ ಬಿತ್ತು.

ಮೊದಲ ಜಗಳ ಸೆಕೆಯದು. ಬಾಣಂತಿಯ ಕೋಣೆ ಬೆಚ್ಚಗಿರಬೇಕು. ಕಿಟಕಿ ಮುಚ್ಚಿ, ಮಗಳ ಕಿವಿಗೆ ಬಟ್ಟೆ ಕಟ್ಟಿ, ಕೆಂಡದ ಮೇಲೆ ಲೋಬಾನದ ಹೊಗೆ ಹಾಕಿದೆ. ಅಳಿಯ ಚೀಲದಿಂದ ಎಸಿಯ ಗಾಳಿ ಎಷ್ಟು ತಂಪು ಎಂದು ಅಳೆಯುವ ಮೀಟರು ತೆಗೆದು ಮೊಳೆಗೆ ನೇತು ಹಾಕಿದ. ಊರಿಗೆಲ್ಲ ತಂಪು ಕೊಡುವವನ ಹೆಂಡತಿ ಕೆಂಡದ ಪಕ್ಕ ಬೇಯುವುದೇ ಎಂದು ಅವನ ಸಂಕಟ.

“ಕೂಸ, ಆಯಿಗೆ ಹೇಳು, ಈ ಖೋಲ್ಯಾಗ ರೊಟ್ಟಿ ಬೇಯ್ತಾವು.”

“ಕೂಸ, ನಿಮ್ಮಪ್ಪಗ ಹೇಳು, ಬೇಯ್ದ್ರ ಹೊಟ್ಟಿಗರ ಆಗ್ತಾವು.”

ನಾನು ತರಕಾರಿಗೆ ಹೋಗಿ ಬರುವಷ್ಟರಲ್ಲಿ ಕಿಟಕಿಯ ಮೇಲೊಂದು ತೂತು ಕೊರೆದು, ಹಳೆಯ ಫ್ಯಾನನ್ನು ಹಿಂದುಮುಂದಾಗಿ ಕೂಡಿಸಿದ್ದ. ಬಾಣಂತಿಗೆ ಗಾಳಿ ಬಡಿಯಬಾರದು, ಹೊಗೆ ಮಾತ್ರ ಹೊರಗೆ ಹೋಗಬೇಕು, ಹಾಗೆ. ಬುದ್ಧಿ ಇಲ್ಲ ಅನ್ನಲಾರೆ. ಆದರೆ ಹೊರಗೆ ಅಂದರೆ ಎಲ್ಲಿಗೆ? ನೆಟ್ಟಗೆ ನಾಗಮ್ಮನ ಅಡುಗೆಮನೆಗೆ! ಅವಳು ಕೆಮ್ಮುತ್ತ ಓಡಿ ಬಂದಳು.

“ಯಕ್ಕಾ, ಬಾಣಂತಿ ನಿನ್ನ ಮಗಳೋ, ನಾನೋ? ನನ್ನ ಸಾರೆಲ್ಲ ಲೋಬಾನ ಲೋಬಾನ ವಾಸ್ನಿ ಹೊಡ್ಯಾಕತ್ತೈತಿ!”

ಆಮೇಲೆ ಎರೆಯುವ ಕೆಲಸ. ಕೂಸನ್ನು ನೀಡಿದ ಕಾಲಿನ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಯುವುದನ್ನು ನಮ್ಮಲ್ಲಿ ಮುದುಕಿಯರೇ ಮಾಡಬೇಕು. ಅದನ್ನೂ ಕಲಿಯುತ್ತೇನೆ ಎಂದು ಲುಂಗಿ ಮೇಲೆ ಕಟ್ಟಿ ಬಚ್ಚಲಲ್ಲಿ ಕೂತುಬಿಟ್ಟ. ಮೊದಲ ದಿನ ಕೂಸಿನ ತೊಡೆಯ ಮಡಿಕೆ ಬಿಡಿಸಿ ನೋಡಿ, “ಕೂಸ, ಆಯಿಗೆ ಹೇಳು, ಇಲ್ಲಿ ಕಸ ಕೂಡ್ತೈತಿ, ಸಣ್ಣ ಬ್ರಷ್ ಐತಿ ನನ್ನ ಹಂತ್ಯಾಕ,” ಎಂದ. ಎಸಿಯ ಜಾಲರಿ ತೊಳೆಯುವ ಬ್ರಷ್ಷು! ನನ್ನ ಕೈಯಲ್ಲಿದ್ದ ತಂಬಿಗೆ ಅವನ ತಲೆಯ ಮೇಲೆ ಬೀಳದೆ ಉಳಿದದ್ದು ಅಳಿಯ ಎಂಬ ಮರ್ಯಾದೆಗೆ.

ಫೋನು ಮಾತ್ರ ಬಿಡುತ್ತಿರಲಿಲ್ಲ. ಗಿರಾಕಿಗಳು ಒಬ್ಬರ ಮೇಲೊಬ್ಬರು. ಇವನು ಒಂದು ಕೈಯಲ್ಲಿ ಕೂಸಿನ ಬಟ್ಟೆ ಹಿಂಡುತ್ತ, ಹೆಗಲಿಗೆ ಫೋನು ಒತ್ತಿಕೊಂಡು ಅಲ್ಲಿಂದಲೇ ರಿಪೇರಿ ಹೇಳುತ್ತಿದ್ದ. ಒಮ್ಮೆ ಯಾರೋ ದೊಡ್ಡ ಮನೆಯ ಹೆಂಗಸು, ನಮ್ಮ ಮೈಸೂರು ಕಡೆಯವರು, ಎಸಿ ಸದ್ದು ಮಾಡುತ್ತಿದೆ ಎಂದರು. ಹೇಗೆ ಸದ್ದು ಎಂದು ಇವನು ಕೇಳಿದ. ಹೇಳಲು ಬರುತ್ತಿಲ್ಲ ಎಂದರು ಆಯಮ್ಮ. ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ಕೂಸು ಕಿಟಾರನೆ ಕಿರುಚಿತು.

“ಹಾಂ! ಇದೇ, ಇದೇ ಸದ್ದು!” ಎಂದರು ಆಯಮ್ಮ.

“ಮೇಡಂ, ಹಂಗಿದ್ರ ಫ್ಯಾನಿನ ಬೇರಿಂಗ್ ಹೋಗೈತ್ರಿ,” ಎಂದ ಇವನು. ಅಂಗಡಿಯ ಹುಡುಗ ಹೋಗಿ ನೋಡಿದರೆ ಬೇರಿಂಗೇ ಹೋಗಿತ್ತಂತೆ!

ನಗುತ್ತೀರಿ. ನಾನು ನಗುತ್ತಿರಲಿಲ್ಲ. ಸೇಠ ಹೇಳಿ ಕಳಿಸಿದ್ದ: ಸೋಮವಾರ ಕೆಲಸಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಅವನ ಜಾಗದಲ್ಲಿ ಬೇರೆಯವನು. ಹಿರಿಯ ಮೆಕ್ಯಾನಿಕ್ ಆಗಲು ಇವನು ಎಷ್ಟು ಮಹಡಿಯ ಹೊರಗೆ ಹಗ್ಗಕ್ಕೆ ಜೋತುಬಿದ್ದು ಎಸಿ ಕೂಡಿಸಿದ್ದನೋ, ನನಗೆ ಗೊತ್ತು. ಅದೆಲ್ಲ ಬಟ್ಟೆ ಹಿಂಡುತ್ತ ಹೋಗುವುದೇ? ಓಡಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಬೈದರೆ ಹೋಗುವ ಆಸಾಮಿಯಲ್ಲ. ಅದಕ್ಕೆ ಅವನಿಗೂ ಬಾಣಂತಿಯ ಊಟವನ್ನೇ ಬಡಿಸಿದೆ. ಖಾರವಿಲ್ಲ, ಹುಳಿಯಿಲ್ಲ. ಮೆಣಸಿನ ಸಾರು, ಮೆತ್ತನೆಯ ಅನ್ನ, ಬೆಳ್ಳುಳ್ಳಿ. ಹಸಿಮೆಣಸಿನಕಾಯಿ ಚಟ್ನಿಯಿಲ್ಲದೆ ರೊಟ್ಟಿ ಮುಟ್ಟದವನು, ಎರಡು ದಿನಕ್ಕೆ ಓಡಿಹೋಗುತ್ತಾನೆ ಎಂದುಕೊಂಡೆ. ಓಡುವುದಿರಲಿ, ತಟ್ಟೆ ಬಳಿದು ತಿಂದ! ಮಗಳಿಗೆಂದು ಕಟ್ಟಿದ ಅಂಟಿನುಂಡೆಯನ್ನೂ ತಿಂದ. ಅವನ ಕೆನ್ನೆ ತುಂಬಿತು, ಮೈಗೆ ಹೊಳಪು ಬಂತು. ನಾಗಮ್ಮ ದಿನಾ ಬಂದು, “ಬಾಣಂತಿ ಹೆಂಗ ಅದಾರ್ರಿ?” ಎಂದು ಇವನನ್ನೇ ಕೇಳುತ್ತಿದ್ದಳು.

ನಿಜವಾದ ಬಾಣಂತಿ ಮಾತ್ರ ಇಳಿಯುತ್ತ ಹೋದಳು. ಆಪರೇಷನ್ ಆಗಿತ್ತು, ನೋವು ಇದ್ದೇ ಇರುತ್ತದೆ. ಆದರೆ ಅವಳು ಕೂಸನ್ನು ಎತ್ತಿಕೊಳ್ಳುತ್ತಲೇ ಇರಲಿಲ್ಲ. ನಾವು ಪಕ್ಕಕ್ಕೆ ಮಲಗಿಸಿದರೆ ಹಾಲು ಕುಡಿಸುವಳು, ಕುಡಿಸಿ ಮುಖ ಗೋಡೆಗೆ ತಿರುಗಿಸುವಳು. ಕರೆದರೆ ಹ್ಞೂಂ, ಕೇಳಿದರೆ ಊಹ್ಞೂಂ. ಸೋಮಾರಿತನ ಎಂದುಕೊಂಡೆ. ಗಂಡನೇ ಎಲ್ಲ ಮಾಡಿದರೆ ಯಾರು ಏಳುತ್ತಾರೆ?

ಭಾನುವಾರ ಬೆಳಿಗ್ಗೆ ಅವನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ. ನಾನು ಮೆಟ್ಟಿಲು ಹತ್ತಿ ಹೋದೆ. ಕೂಸು ಕೆಳಗಿತ್ತು, ಹೇಳಿ ಕಳಿಸಲು ನಡುವೆ ಯಾರೂ ಇರಲಿಲ್ಲ. ಸೆರಗು ಎಳೆದುಕೊಂಡು, ಬಟ್ಟೆಯ ಹಗ್ಗಕ್ಕೆ ಹೇಳಿದಂತೆ ಹೇಳಿದೆ.

“ನಾಳಿಂದ ಕೆಲಸಕ್ಕ ಹೋಗಬೇಕು. ನಾನಿದೀನಿ ನೋಡಾಕ.”

ಅವನು ನೆಟ್ಟಗೆ ನನ್ನ ಮುಖ ನೋಡಿದ.

“ಅತ್ತಿ, ದವಾಖಾನ್ಯಾಗ ಆಕಿ ನನ್ನ ಕೈ ಹಿಡ್ಕೊಂಡು ಹೇಳ್ಯಾಳ್ರಿ. ಕೂಸಿನ್ನ ಎತ್ತಿಕೊಂಡ್ರ ಕೈಯಾಗಿಂದ ಬಿಟ್ಟುಬಿಡ್ತೀನಿ ಅನ್ನಸ್ತೈತಿ, ನನ್ನ ಬಿಟ್ಟು ಹೋಗಬ್ಯಾಡ್ರಿ ಅಂತ. ಡಾಕ್ಟ್ರಮ್ಮಗ ಕೇಳೀನಿ. ಕೆಲವು ಬಾಣಂತ್ಯಾರಿಗೆ ಹಿಂಗ ಆಗ್ತೈತಂತ. ಗುಳಿಗಿ ಕೊಟ್ಟಾರ. ಆಕಿ ಯಾರ ಮ್ಯಾಲ ಭರೋಸಾ ಇಟ್ಟಾಳೋ ಅವರು ಜೊತಿಗಿರಬೇಕು ಅಂದಾರ.”

“ನನಗ ಯಾಕ ಹೇಳಲಿಲ್ಲ?”

“ಹೇಳಬ್ಯಾಡ ಅಂದಾಳ್ರಿ. ‘ನಾ ಹಡದು ಎದ್ದಾಕಿನೇ ಸಿಮೆಂಟ್ ಬುಟ್ಟಿ ಹೊತ್ತೀನಿ, ನಿನಗೇನ್ ಬಂದೈತಿ ಧಾಡಿ’ ಅಂತ ನೀವು ಅಂತೀರಂತ.”

ಅನ್ನುತ್ತಿದ್ದೆ. ಯಾಕೆ ಸುಳ್ಳು ಹೇಳಲಿ? ಹೊತ್ತದ್ದೂ ನಿಜವೇ.

“ಸೇಠ ಕೆಲಸದಿಂದ ತೆಗಿತಾನ,” ಎಂದೆ.

“ತೆಗಿಲಿ. ಕೆಲಸ ಇನ್ನೊಂದು ಹುಡುಕ್ತೀನಿ,” ಎಂದು ಅವನು ಮತ್ತೊಂದು ಬಟ್ಟೆ ಝಾಡಿಸಿದ. ಅಷ್ಟೇ. ಅವನನ್ನು ಓಡಿಸುವ ನನ್ನ ಹಟ ಅಲ್ಲಿಗೆ ಮುಗಿಯಿತು. ಇಟ್ಟುಕೊಳ್ಳುವ ಹಟ ಶುರುವಾಯಿತು.

ಸೋಮವಾರ ಹತ್ತು ಗಂಟೆಗೆ ಸೇಠ ತಾನೇ ಬಂದ. ನಮ್ಮ ಕಡೆಯವರಿಂದ ಕೆಲಸ ಮಾಡಿಸಿ ಮಾಡಿಸಿ ಕನ್ನಡ ಕಲಿತಿದ್ದಾನೆ, ಬೈಗುಳ ಮೊದಲು, ಉಳಿದದ್ದು ಆಮೇಲೆ. ಬೆವರು ಒರೆಸಿಕೊಳ್ಳುತ್ತ ಕುರ್ಚಿಯಲ್ಲಿ ಕೂತ.

“ಅಮ್ಮಾ, ಸೀಜನ್ ಐತಿ. ಫೋನ್ ಮ್ಯಾಲ ಫೋನ್. ನೀವು ದೊಡ್ಡವ್ರು, ನೀವಾದ್ರೂ ಸಮಝಾಯಿಸ್ರಿ. ಇದು ಹೆಣ್ಮಕ್ಕಳ ಕೆಲಸ.”

“ಸೇಠಜೀ, ನಿಮ್ಮ ಮಗ ಹುಟ್ಟಿದಾಗ ನೀವೆಲ್ಲಿದ್ರಿ?”

“ಅಂಗಡ್ಯಾಗ! ಮತ್ತೆಲ್ಲಿ?”

“ಈಗ ಆ ಮಗ ಎಲ್ಲಿದಾನ?”

ಸೇಠ ಮೊಳೆಗೆ ನೇತು ಹಾಕಿದ ಮೀಟರಿನ ಕಡೆ ಮುಖ ತಿರುಗಿಸಿದ. “ಅಂಗಡಿಗೆ ಬಾ ಅಂದ್ರ ಬರಂಗಿಲ್ಲ. ನನ್ನ ಜೊತಿ ಮಾತೂ ಆಡಂಗಿಲ್ಲ,” ಎಂದ.

“ಹಂಗಾದ್ರ ಚಾ ಕುಡೀರಿ,” ಎಂದೆ. “ನಮ್ಮ ಅಳಿಯ ಬರಂಗಿಲ್ಲ. ಬಾಣಂತಿ ಏಳೂತನಕ ಬರಂಗಿಲ್ಲ. ನೀವು ದಿನಾ ಬಂದ್ರ ದಿನಾ ಚಾ ಕೊಡ್ತೀನಿ, ಅಳಿಯನ್ನ ಕೊಡಂಗಿಲ್ಲ.”

ಸೇಠ ಚಹಾ ಕುಡಿದ. ಕುಡಿದು, ಬೈಕಿನ ಚಾವಿ ಕೇಳಿದ. ಕೆಟ್ಟವನಲ್ಲ, ಆದರೆ ಅವನದೂ ಅಂಗಡಿ ನಡೆಯಬೇಕಲ್ಲ. ಅಳಿಯ ಚಾವಿಯನ್ನು ಲುಂಗಿಗೆ ಒರೆಸಿ ಕೊಟ್ಟ. ಬೈಕು ಓಣಿಯ ತುದಿ ತಿರುಗುವವರೆಗೆ ಬಾಗಿಲಲ್ಲಿ ನಿಂತಿದ್ದ. ಆ ಸೀಜನ್ನು ಹೋಯಿತು. ಈಗ ಪಟಾನ್‌ಚೆರು ಕಡೆ ಔಷಧಿ ಕಾರ್ಖಾನೆಯೊಂದರ ತಂಪು ಕೋಣೆ ನೋಡಿಕೊಳ್ಳುತ್ತಾನೆ, ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಮೊದಲಿನಷ್ಟು ದುಡ್ಡು ಹುಟ್ಟುವುದಿಲ್ಲ. ಇದ್ದುದನ್ನು ಇದ್ದಂತೆ ಹೇಳಿದೆ.

ಬೈಕಿನ ಚಾವಿ ಹೋಗಿ ಆಗಿನ್ನೂ ಕೆಲವು ದಿನಗಳಾಗಿದ್ದವು. ಮಧ್ಯಾಹ್ನ ಕರೆಂಟು ಹೋಗಿತ್ತು. ಕೂಸು ಒಂದೇ ಸಮನೆ ಅಳುತ್ತಿತ್ತು. ಅಳಿಯ ಅದನ್ನು ಎದೆಗೆ ಒತ್ತಿಕೊಂಡು ಕೋಣೆಯ ಉದ್ದಕ್ಕೂ ನಡೆದ, ಕುಣಿದ, ಬಾಯಲ್ಲಿ ಎಸಿ ಚಾಲೂ ಆದಂತೆ ‘ಡುರ್ರ್’ ಎಂದ. ಕೂಸು ಇನ್ನೂ ಜೋರು ಮಾಡಿತು. ನಾನು ಒಲೆಯ ಹತ್ತಿರ ಬೆನ್ನು ಮಾಡಿ ಕೂತಿದ್ದೆ.

“ಹಂಗ ಯಾರರ ಹಿಡಿತಾರೇನ್ರಿ? ಕುತ್ತಿಗಿ ಜೋಲಾಕತ್ತೈತಿ! ಕೊಡ್ರಿಲ್ಲಿ!”

ತಿರುಗಿ ನೋಡಿದರೆ ಮಗಳು ಎದ್ದು ಕೂತಿದ್ದಳು. ಎರಡೂ ಕೈ ಮುಂದೆ ಚಾಚಿದ್ದಳು. ಅಳಿಯ ಕೂಸನ್ನು ಕೊಟ್ಟ, ಅವಳ ಕೈಯ ಕೆಳಗೆ ತನ್ನ ಕೈ ಇಟ್ಟುಕೊಂಡೇ ಸ್ವಲ್ಪ ಹೊತ್ತು ಕೂತ.

“ತೆಗೀರಿ ಕೈ. ಬೆವತೀರಿ,” ಎಂದಳು.

ತೆಗೆದ. ಎದ್ದು ಬಚ್ಚಲಿಗೆ ಹೋಗಿ ಕದ ಹಾಕಿಕೊಂಡ, ನಲ್ಲಿ ಪೂರ್ತಿ ಬಿಟ್ಟ. ನೀರಿನ ಸದ್ದಿನ ಕೆಳಗೆ ಇನ್ನೊಂದು ಸದ್ದು ಕೇಳುತ್ತಿತ್ತು. ಆ ಬೇಸಿಗೆಯಲ್ಲಿ ನಮ್ಮ ಓಣಿಗೆ ಬರುತ್ತಿದ್ದದ್ದು ಟ್ಯಾಂಕರಿನ ನೀರು. ಒಂದು ತಂಬಿಗೆ ಹೆಚ್ಚು ಹೊಯ್ದರೆ ಸ್ವಂತ ಮಗಳಿಗೂ ಬೈಯುವವಳು ನಾನು. ನೀರು ಬಹಳ ಹೊತ್ತು ಸುರಿಯಿತು. ನಾನು ‘ನಲ್ಲಿ ಬಂದ್ ಮಾಡ್ರಿ’ ಅನ್ನಲಿಲ್ಲ.