ತಲೆಯೂ ಬೇಡ, ಬಾಲವೂ ಬೇಡ

ಪುಟ ಪೂರ್ತಿ ತೆರೆದುಕೊಳ್ಳುವ ಮೊದಲೇ ಪ್ರೆಷರ್ ಕುಕ್ಕರಿನ ಜಾಹೀರಾತೊಂದು ಹಾರಿಬಂದು ಪರದೆಯ ತುಂಬ ಕುಕ್ಕರುಗಾಲಲ್ಲಿ ಕೂತಿತು. ವಿಷ್ಣುಪ್ರಸಾದ್ ಮೂಲೆಯಲ್ಲಿದ್ದ ಗುಣಾಕಾರ ಚಿಹ್ನೆಯನ್ನು ಒತ್ತಿದರು. ಜಾಹೀರಾತು ಹೋಗುವ ಬದಲು ಕುಕ್ಕರಿನ ಅಂಗಡಿಯೇ ತೆರೆದುಕೊಂಡಿತು.

"ಇದೆಂತದು, ಓದುವ ಪುಟವೋ ಸಂತೆಯೋ!" ಎಂದು ಅವರು ಮೇಜು ಗುದ್ದಿದ್ದಕ್ಕೆ ಸ್ಟಾಫ್ ರೂಮೇ ಬೆಚ್ಚಿತು.

ಭಾಗಮಂಡಲದ ಹೈಸ್ಕೂಲೊಂದರಲ್ಲಿ ಅವರು ಸಮಾಜ ಪಾಠದ ಮೇಷ್ಟ್ರು. ಮಡಿಕೇರಿ ರಸ್ತೆಯ ಹಳೆಯ ಮೈಲಿಗಲ್ಲುಗಳ ಬಗ್ಗೆ ವೆಬ್ ಪತ್ರಿಕೆಯಲ್ಲಿ ಬಂದ ಲೇಖನದ ಲಿಂಕನ್ನು ಹೆಡ್‌ಮಿಸ್ ತುಂಗಾ ಬೆಳಿಗ್ಗೆ ಎಲ್ಲರಿಗೂ ಕಳಿಸಿದ್ದರು. "ಸಂಜೆ ಮೀಟಿಂಗಲ್ಲಿ ಇದರ ಬಗ್ಗೆ ಮೊದಲು ನೀವೇ ಮಾತಾಡಬೇಕು ಸಾರ್" ಎಂದೂ ಹೇಳಿದ್ದರು.

ವಿಜ್ಞಾನದ ಮಾಳವಿಕಾ ಸಹಾಯಕ್ಕೆ ಬಂದರು. "ಬ್ರೌಸರ್ ಬಿಡಿ ಸಾರ್. ಪ್ರಶ್ನೆಪತ್ರಿಕೆ ಟೈಪ್ ಮಾಡ್ತೀರಲ್ಲ, ಆ ಎಡಿಟರ್‌ನಲ್ಲೇ ವೆಬ್ ಪುಟ ಓದೋ ಹಾಗೆ ಮಾಡ್ಕೊಡ್ತೀನಿ. ಬರೀ ಅಕ್ಷರ ಬರುತ್ತೆ."

ಬಂತು. ಆದರೆ ಸಾಸಿವೆ ಚೆಲ್ಲಿದ ಹಾಗೆ. ದೊಡ್ಡದು ಮಾಡಿದರೆ ಒಂದೊಂದು ಅಕ್ಷರವೂ ಹಲಸಿನ ಹಣ್ಣಿನಷ್ಟಾಯಿತು. ಡ್ರಿಲ್ ಮಾಸ್ಟರ್ ಪೂವಯ್ಯ ಹಿಂದಿನಿಂದ ಬಗ್ಗಿ, "ಹಿನ್ನೆಲೆ ಹಸಿರು ಮಾಡಿ ಸಾರ್, ಕಣ್ಣಿಗೆ ತಂಪು" ಎಂದು ತಾವೇ ಯಾವುದೋ ಕೀಲಿ ಒತ್ತಿದರು. ಅಕ್ಷರವೂ ಹಸಿರಾಗಿ, ಲೇಖನ ಗದ್ದೆಯೊಳಗಿನ ಗಿಳಿಯಂತೆ ಮಾಯವಾಯಿತು.

"ಮೈದಾನಕ್ಕೆ ಹೋಗಿ ಪೂವಯ್ಯ!" ಎಂದು ವಿಷ್ಣುಪ್ರಸಾದ್ ಕೂಗಿದರು.

ಊಟದ ಬಿಡುವೂ ಇದರಲ್ಲೇ ಮುಗಿಯಿತು. ಅಕ್ಷರ ಹದಕ್ಕೆ ಬಂದರೂ ಮೇಲ್ಗಡೆ ಕ್ರೀಡೆ, ಜ್ಯೋತಿಷ್ಯ, ಅಡುಗೆ ಎಂದು ಬಾಲಂಗೋಚಿಗಳ ಸಾಲು.

"ತೆಗೀರಿ ಅದನ್ನೆಲ್ಲ!"

"ಪುಟದ ತಲೆಭಾಗ ಪೂರ್ತಿ ಹೋಗುತ್ತೆ ಸಾರ್, ಪರವಾಗಿಲ್ವಾ?"

"ತಲೆಯೂ ಬೇಡ, ಬಾಲವೂ ಬೇಡ. ಹೊಟ್ಟೆ ಒಂದಿದ್ರೆ ಸಾಕು!"

ಕೊನೆಗೆ ಅಚ್ಚುಕಟ್ಟಾಗಿ ಹೊಟ್ಟೆಯಷ್ಟೇ ಉಳಿಯಿತು. ವಿಷ್ಣುಪ್ರಸಾದ್ ನೆಮ್ಮದಿಯಿಂದ ಓದತೊಡಗಿದರು. ಓದುತ್ತ ಓದುತ್ತ ಕಿವಿ ಕೆಂಪಾಯಿತು. ಜಾಹೀರಾತಿನ ಮೇಲಿದ್ದ ಸಿಟ್ಟೆಲ್ಲ ಲೇಖನದ ಮೇಲೆ ತಿರುಗಿತು.

ಸಂಜೆ ಸಭೆಯಲ್ಲಿ ಅವರು ಎದ್ದು ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾಕೆಂದು ಅವರಿಗೆ ತಿಳಿಯಲಿಲ್ಲ.

"ಈ ಮಹಾನುಭಾವ ಮೈಲಿಗಲ್ಲು ನೋಡಿದ್ದು ಬಸ್ಸಿನ ಕಿಟಕಿಯಿಂದ, ಅದೂ ತೂಕಡಿಸ್ತಾ! ಕಲ್ಲಿನ ಬಗ್ಗೆ ನಾಲ್ಕು ಸಾಲು, ದಾರಿಯಲ್ಲಿ ತಿಂದ ಅಕ್ಕಿರೊಟ್ಟಿ ಬಗ್ಗೆ ಒಂದು ಪುಟ. ಇಂಥವರ ಕೈಗೆ ಯಾರ್ರೀ ಪೆನ್ನು ಕೊಟ್ಟಿದ್ದು?"

ಪೂವಯ್ಯ ಅವರ ಅಂಗಿ ಜಗ್ಗಿದರು. "ಸಾರ್, ಸಾಕು. ಕೂತ್ಕೊಳ್ಳಿ."

"ಎಂತಕ್ಕೆ ಕೂರಬೇಕು? ಬರೆದವರು ಇಲ್ಲೇ ಇದ್ರೂ ಹೇಳ್ತೇನೆ!"

"ಇಲ್ಲೇ ಇದ್ದಾರೆ" ಎಂದರು ತುಂಗಾ, ಮೆಲ್ಲಗೆ.

ವಿಷ್ಣುಪ್ರಸಾದ್ ಅವರತ್ತ ತಿರುಗಿದರು. "ಮೇಡಂ... ನಿಮ್ಮದಾ?"

"ನನ್ನದಲ್ಲ ಸಾರ್. ನಿಮ್ಮದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾವುದೋ ಸ್ಮರಣ ಸಂಚಿಕೆಗೆ ಬರೆದಿದ್ರಂತೆ. ಪತ್ರಿಕೆಯವರು ಈಗ ಮತ್ತೆ ಹಾಕಿದ್ದಾರೆ. ಮೇಲ್ಗಡೆ ನಿಮ್ಮ ಹೆಸರು, ಮೀಸೆ ಇರೋ ಫೋಟೋ ಎಲ್ಲ ಇದೆಯಲ್ಲ? ನಿಮಗೆ ಸನ್ಮಾನ ಮಾಡೋಣ ಅಂತಲೇ ಈ ಮೀಟಿಂಗ್ ಕರೆದದ್ದು."

ಮೇಜಿನ ಮೇಲೆ ಜರಿ ಅಂಚಿನ ಶಾಲು, ಹಣ್ಣಿನ ತಟ್ಟೆ ಇದ್ದದ್ದು ಅವರಿಗೆ ಆಗ ಕಂಡಿತು. ಆ ಅಕ್ಕಿರೊಟ್ಟಿ ತಿಂದ ಹೋಟೆಲೂ ನೆನಪಾಯಿತು. ಆದರೆ ಅಷ್ಟೆತ್ತರಕ್ಕೆ ಏರಿದ ಸಿಟ್ಟಿಗೆ ಇಳಿಯಲು ಮೆಟ್ಟಿಲಿರಲಿಲ್ಲ.

"ನಂದಾದ್ರೆ ಏನೀಗ? ನಾನು ಹೇಳಿದ್ದು ಸುಳ್ಳಾಗುತ್ತಾ?" ಎಂದು ಗುಡುಗಿದರು.

"ಖಂಡಿತ ಇಲ್ಲ. ನೀವು ಹೇಳಿದ್ದು ಕೇಳಿದ ಮೇಲೆ ನಮಗೂ ಅದೇ ಸರಿ ಅನ್ನಿಸ್ತಿದೆ" ಎನ್ನುತ್ತ ತುಂಗಾ ಶಾಲನ್ನು ಮಡಿಸಿ ಮತ್ತೆ ಕವರಿಗೆ ಹಾಕಿದರು.